ದೊಡ್ಡ ಗಣಕ ದೊರೆಯದಾಗ

ಮದುವೆಗೆ ಗೊತ್ತುಮಾಡಿದ್ದ ನುರಿತ ಅಡಿಗೆಯವರು ಹಿಂದಿನ ರಾತ್ರಿ ಬರಲಾಗದೆಂದು ಹೇಳಿಕಳಿಸಿದರೆ ಏನು ಮಾಡುತ್ತೀರಿ? ಮುಹೂರ್ತ ಕಾಯುವುದಿಲ್ಲ. ನಾಲ್ವರು ಹುಡುಗರನ್ನು ಕರೆತಂದು ಒಬ್ಬೊಬ್ಬನಿಗೆ ಒಂದೊಂದು ಒಲೆಯನ್ನು ಒಪ್ಪಿಸುತ್ತೀರಿ. ಊಟವೇನೋ ಆಗುತ್ತದೆ. ಆದರೆ ಬೇಳೆ ಬೇಯುವತನಕ ಹುಳಿ ಮಾಡುವವನು ಕೈಕಟ್ಟಿ ಕುಳಿತಿರುತ್ತಾನೆ.

ನಮ್ಮ ವಿಜ್ಞಾನಿಗಳಿಗೂ ಇಂಥ ಪ್ರಸಂಗ ಒದಗಿತ್ತು. 1980ರ ದಶಕದಲ್ಲಿ ಹವಾಮಾನದ ಮುನ್ಸೂಚನೆಗಾಗಿ ಭಾರತವು ಅಮೆರಿಕದಿಂದ ಕ್ರೇ ಎಂಬ ಮಹಾಗಣಕವನ್ನು ಕೊಳ್ಳಬಯಸಿತು. ಅದು ಅಣ್ವಸ್ತ್ರದ ಲೆಕ್ಕಕ್ಕೂ ಒದಗೀತೆಂಬ ಶಂಕೆ ಕೊಡುವವರದು. ಕೇಳಿದ್ದು ಎರಡು ಪ್ರೊಸೆಸರುಗಳ, ಎಂದರೆ ಎರಡು ಮಿದುಳುಗಳ ಯಂತ್ರ. ಬಹಳ ಮಾತುಕತೆಯಾದ ಮೇಲೆ ದಿಲ್ಲಿಗೆ ಬಂದದ್ದು ಒಂದೇ ಮಿದುಳಿನದು.

ಇತ್ತ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ, ಪೇಟೆಯಲ್ಲಿ ದೊರೆಯುವಂಥ ಸಾಧಾರಣ ಪ್ರೊಸೆಸರುಗಳು ನಾಲ್ಕನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಗಣಕವನ್ನು ಕಟ್ಟಿದರು. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕಹಾಕುವುದು ಅದರ ಕೆಲಸ.

ಹಂಚುವುದು ಸುಲಭವೆಂದುಕೊಳ್ಳಬೇಡಿ. ಗಾಳಿಯನ್ನು ನಾಲ್ಕು ಪಾಲು ಮಾಡಿ ಕೊಡಬಹುದು. ಗಾಳಿಗೇನು, ಅದು ನಾವೆಳೆದ ಗೆರೆಯನ್ನು ದಾಟಿ ಬೀಸುತ್ತದೆ. ಆದ್ದರಿಂದ ಹೆಜ್ಜೆಹೆಜ್ಜೆಗೂ ಪ್ರತಿಯೊಂದು ಪ್ರೊಸೆಸರೂ ತನ್ನ ಗಡಿಯ ಅಂಕಿಗಳನ್ನು ನೆರೆಯದಕ್ಕೆ ತಿಳಿಸಬೇಕು. ಒಂದರ ಪಾಲು ಭಾರವಾಯಿತೋ, ಉಳಿದ ಮೂರೂ ಸುಮ್ಮನೆ ಕಾಯಬೇಕು. ಹತ್ತು ಗಂಟೆಯ ಕೆಲಸದಲ್ಲಿ ಒಂದು ಗಂಟೆಯಷ್ಟು ಹಂಚಲಾಗದ್ದಿದ್ದರೆ, ನಾಲ್ಕು ಸೇರಿದರೂ ಮೂರೂಕಾಲು ಗಂಟೆ ಹಿಡಿಯುತ್ತದೆ. ಸಾವಿರ ಸೇರಿದರೂ ಒಂದು ಗಂಟೆಯೊಳಗೆ ಮುಗಿಯದು. ಇದನ್ನು ಆಮ್ಡಾಲ್ ಎಂಬಾತ 1967ರಲ್ಲಿ ಎತ್ತಿ ತೋರಿಸಿದ್ದರು.

ಅದಕ್ಕೂ ಮೊದಲೇ, 1922ರಲ್ಲಿ, ಇಂಗ್ಲೆಂಡಿನ ರಿಚರ್ಡ್‌ಸನ್ ಒಂದು ಸೊಗಸಾದ ಕಲ್ಪನೆ ಮಾಡಿದ್ದರು. ವಿಶಾಲವಾದ ರಂಗಮಂದಿರದಲ್ಲಿ 64,000 ಮಂದಿ ಕುಳಿತು ಜಗತ್ತಿನ ಹವೆಯನ್ನೆಲ್ಲ ಲೆಕ್ಕ ಮಾಡುತ್ತಾರೆ. ನಡುವೆ ನಿಂತ ಮೇಲ್ವಿಚಾರಕನು ಮುಂದೋಡಿದವರ ಮೇಲೆ ಗುಲಾಬಿ ಬೆಳಕನ್ನೂ ಹಿಂದುಳಿದವರ ಮೇಲೆ ನೀಲಿ ಬೆಳಕನ್ನೂ ಚೆಲ್ಲುತ್ತಾನೆ. ನಾಳೆಯ ಮಳೆಯ ಸುದ್ದಿ ನಾಡಿದ್ದು ಬಂದರೆ ಯಾರಿಗೆ ಬೇಕು, ಹೇಳಿ!

1990ರ ದಶಕದಲ್ಲಿ, ದಿಲ್ಲಿಯ ಕ್ರೇ ಮಾಡುತ್ತಿದ್ದ ಹವಾ ಮುನ್ಸೂಚನೆಯ ಲೆಕ್ಕವನ್ನೇ ಫ್ಲೋಸಾಲ್ವರಿನ ಮುಂದಿನ ಮಾದರಿಯೊಂದು ಮಾಡಿತು. ಇಂದು ಜಗತ್ತಿನ ಮಹಾಗಣಕಗಳೆಲ್ಲ ಬಹುಸಂಖ್ಯೆಯ ಪ್ರೊಸೆಸರುಗಳು ಕೂಡಿ ದುಡಿಯುವಂಥವೇ. ಯಾವುದಕ್ಕೆ ಎಷ್ಟು ಪಾಲು ಕೊಡಬೇಕೆಂಬ ತಲೆನೋವು ಅವುಗಳನ್ನು ನಡೆಸುವವರಿಗೆ ಈಗಲೂ ಉಳಿದೇ ಇದೆ.