ಗೂಡಿನೊಳಗಿನ ಮೀನಿನ ಮೇವು

ಮಕ್ಕಳೇ, ಹೊಸೂರು, ಡೆಂಕಣಿಕೋಟೆಯ ಕಡೆ ಹೋದರೆ ರಾಗಿ ಹೊಲಗಳ ಜೊತೆಗೆ ಹಿಪ್ಪುನೇರಳೆ ತೋಟಗಳೂ ಕಾಣುತ್ತವೆ. ಆ ಸೊಪ್ಪನ್ನು ತಿಂದೇ ರೇಷ್ಮೆ ಹುಳು ಗೂಡು ಕಟ್ಟುವುದು. ಹಸಿ ಗೂಡಿನ ತೂಕದಲ್ಲಿ ಹೆಚ್ಚು ಪಾಲು ಯಾವುದರದ್ದು, ಹೇಳಿ ನೋಡೋಣ? ರೇಷ್ಮೆಯದ್ದಲ್ಲ! ಐದರಲ್ಲಿ ಸುಮಾರು ನಾಲ್ಕು ಪಾಲು ಒಳಗಿರುವ ಪ್ಯೂಪಾದ್ದು, ಅಂದರೆ ಗೂಡಿನೊಳಗೆ ರೂಪ ಬದಲಿಸಿಕೊಂಡ ಹುಳುವಿನದ್ದು.

ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆದ ಮೇಲೆ ಪ್ಯೂಪಾ ಉಳಿಯುತ್ತದೆ. 1 ಕಿಲೋ ನೂಲು ತೆಗೆದಾಗ ಒಣಗಿದ ಪ್ಯೂಪಾ ಸುಮಾರು 2 ಕಿಲೋ ಸಿಗುತ್ತದೆ. ಹಸಿಯಾಗಿಯೇ ಬಿಟ್ಟರೆ ಅದು ಬೇಗ ಕೊಳೆತು ನಾರುತ್ತದೆ. ಒಣಗಿಸಿದರೆ ಮಾತ್ರ ಅದೊಂದು ಸಂಪತ್ತು. ಒಣ ಪ್ಯೂಪಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಪ್ರೊಟೀನೇ ಇರುತ್ತದೆ.

ಈ ಪ್ರೊಟೀನ್ ಯಾರಿಗೆ ಬೇಕು? ಮೀನುಗಳಿಗೆ! ನಾವು ಜಿಲೇಬಿ ಮೀನು ಎನ್ನುವ ತಿಲಾಪಿಯಾ ಚೆನ್ನಾಗಿ ಬೆಳೆಯಬೇಕಾದರೆ 100 ಗ್ರಾಂ ಮೇವಿನಲ್ಲಿ ಸುಮಾರು 30 ಗ್ರಾಂ ಪ್ರೊಟೀನ್ ಇರಬೇಕು. ಇದಕ್ಕಾಗಿ ಮೀನಿನ ಮೇವಿಗೆ ಒಣಮೀನಿನ ಹಿಟ್ಟು ಬೆರೆಸುವುದುಂಟು. ನಮ್ಮ ಕರಾವಳಿಯ ಭೂತಾಯಿಯಂಥ ಸಣ್ಣ ಮೀನುಗಳೂ ಹೀಗೆ ಹಿಟ್ಟಾಗುತ್ತವೆ. ಸಾಕಿದ ಮೀನಿಗಾಗಿ ಕಡಲನ್ನು ಬರಿದು ಮಾಡಬಾರದಲ್ಲವೇ? ಅದಕ್ಕೇ ವಿಜ್ಞಾನಿಗಳು ಪ್ಯೂಪಾ, ಸೋಯಾ ಹಿಂಡಿ, ಕಪ್ಪು ಸೈನಿಕ ನೊಣದ ಮರಿಹುಳುಗಳನ್ನು ಪರೀಕ್ಷಿಸುತ್ತಿದ್ದಾರೆ.

ಪ್ಯೂಪಾದಲ್ಲಿ ಒಂದು ತೊಡಕಿದೆ. ಅದರಲ್ಲಿ ಎಣ್ಣೆಯಂಶ ಬಹಳ. ಹೆಚ್ಚು ದಿನ ಇಟ್ಟರೆ ಹಳೆಯ ಚಕ್ಕುಲಿಯಂತೆ ಕಮಟು ಹಿಡಿಯುತ್ತದೆ. ಆದ್ದರಿಂದ ಎಣ್ಣೆ ತೆಗೆದು, ಪುಡಿ ಮಾಡಿ, ಅಕ್ಕಿ ತವುಡು ಮತ್ತು ಕಡಲೆಕಾಯಿ ಹಿಂಡಿಯ ಜೊತೆ ಬೆರೆಸುತ್ತಾರೆ. ಎಣ್ಣೆ ಹೋದ ಮೇಲೆ ಪುಡಿಯಲ್ಲಿ ಪ್ರೊಟೀನಿನ ಪಾಲು ಇನ್ನೂ ಹೆಚ್ಚುತ್ತದೆ.

ಈ ಮೇವು ಮುಂದೇನಾಗುತ್ತದೆಂದು ನೋಡಲು ಈಗ ಅಕ್ವಾಪೋನಿಕ್ಸ್ ತೊಟ್ಟಿಯ ಬಳಿ ಬನ್ನಿ. ಇಲ್ಲಿ ಮೀನೂ ಸೊಪ್ಪೂ ಒಂದೇ ನೀರಿನಲ್ಲಿ ಬೆಳೆಯುತ್ತವೆ. ಪ್ರೊಟೀನಿನಲ್ಲಿ ಸಾರಜನಕವಿದೆ. ಮೀನು ಅದರಲ್ಲಿ ಸ್ವಲ್ಪ ಪಾಲನ್ನು ಮೈಗೆ ಸೇರಿಸಿಕೊಂಡು, ಉಳಿದದ್ದರಲ್ಲಿ ಬಹುಪಾಲನ್ನು ಕಿವಿರುಗಳ ಮೂಲಕ ಅಮೋನಿಯಾವಾಗಿ ಹೊರಬಿಡುತ್ತದೆ. ಅಮೋನಿಯಾ ಹೆಚ್ಚಾದರೆ ಮೀನಿಗೇ ವಿಷ. ಆಗ ನೆರವಿಗೆ ಬರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ನೈಟ್ರೊಸೊಮೊನಾಸ್ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ನೈಟ್ರೊಸ್ಪೈರಾ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಗಿಡದ ಬೇರು ಹೀರಿಕೊಳ್ಳುತ್ತದೆ. ನೀರು ತಿಳಿಯಾಗಿ ಮತ್ತೆ ಮೀನಿನ ತೊಟ್ಟಿಗೆ ಮರಳುತ್ತದೆ. ಹಾಗಾಗಿ ಮೀನಿಗೆ ಕೊಟ್ಟ ಮೇವೇ ಗಿಡಕ್ಕೂ ಊಟ.

ಹುಳು ಮತ್ತು ಮೀನಿನ ಈ ನಂಟು ಹೊಸದಲ್ಲ. ಚೀನಾದ ಪರ್ಲ್ ನದಿಯ ಬಯಲಿನ ರೈತರು ನೂರಾರು ವರ್ಷಗಳ ಹಿಂದೆಯೇ ಕೊಳದ ಏರಿಯ ಮೇಲೆ ಹಿಪ್ಪುನೇರಳೆ ಬೆಳೆದರು. ಹುಳುವಿನ ಹಿಕ್ಕೆಯನ್ನೂ ಪ್ಯೂಪಾವನ್ನೂ ಕೊಳಕ್ಕೆ ಹಾಕಿದರು. ಕೊಳದ ಹೂಳನ್ನು ತೆಗೆದು ಹಿಪ್ಪುನೇರಳೆಗೆ ಗೊಬ್ಬರವಾಗಿ ಕೊಟ್ಟರು.

ನಿಮ್ಮ ಊರಿನ ಸುತ್ತ ನೂಲು ತೆಗೆಯುವವರಿದ್ದಾರೆಯೇ? ಅವರ ಬಳಿ ಪ್ಯೂಪಾ ಎಲ್ಲಿಗೆ ಹೋಗುತ್ತದೆಂದು ಕೇಳಿ ಬನ್ನಿ. ಆಮೇಲೆ ಹಿಪ್ಪುನೇರಳೆ ಎಲೆಯಿಂದ ತೊಟ್ಟಿಯ ಸೊಪ್ಪಿನವರೆಗೆ ಸಾರಜನಕ ಸಾಗುವ ದಾರಿಯನ್ನು ಒಂದು ಹಾಳೆಯಲ್ಲಿ ಚಿತ್ರವಾಗಿ ಬರೆಯಿರಿ. ಬ್ಯಾಕ್ಟೀರಿಯಾವನ್ನು ಮಾತ್ರ ಮರೆಯಬೇಡಿ!