ನದಿಗೊಂದು ಮಂಡಳಿ, ಯಾತ್ರಿಕರಿಗೆ?



ಹರಿಹರ ಗಡಿಯೂರಾಗಿತ್ತು ಎಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ. 1956ರ ನವೆಂಬರ್ 1ಕ್ಕೆ ಮೊದಲು ತುಂಗಭದ್ರಾ ಹೊಳೆಯ ಈ ದಡ ಮೈಸೂರು ರಾಜ್ಯ. ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋದರೆ ಮುಂಬಯಿ ರಾಜ್ಯ. ಹಂಪಿಯಂತೂ 1953ರ ತನಕ ಮದ್ರಾಸಿನದು. ಏಕೀಕರಣ ಆ ಗಡಿಗಳನ್ನು ಅಳಿಸಿತು. ಆದರೆ ತುಂಗಭದ್ರೆ ಹಂಪಿಗೇ ನಿಲ್ಲುವುದಿಲ್ಲ. ಆಂಧ್ರದ ಮಂತ್ರಾಲಯ, ಕರ್ನೂಲು, ತೆಲಂಗಾಣದ ಆಲಂಪುರವನ್ನು ಮುಟ್ಟಿ ಕೃಷ್ಣೆಗೆ ಸೇರುತ್ತದೆ. ಆಲಂಪುರದ ನವಬ್ರಹ್ಮ ದೇಗುಲಗಳನ್ನು ಕಟ್ಟಿದವರು ನಮ್ಮ ಬಾದಾಮಿ ಚಾಲುಕ್ಯರೇ. ಬಾದಾಮಿ ನೋಡಿದವರಲ್ಲಿ ಎಷ್ಟು ಮಂದಿ ಆಲಂಪುರ ನೋಡಿದ್ದೀರಿ? ನಮ್ಮ ಪ್ರವಾಸದ ನಕ್ಷೆ ರಾಜ್ಯದ ಗಡಿಗೆ ಬಂದು ಮುಗಿಯುತ್ತದೆ.

ಇದಕ್ಕೆ ಸಂವಿಧಾನದಲ್ಲೂ ಒಂದು ಕಾರಣವಿದೆ. ಏಳನೆಯ ಅನುಸೂಚಿಯ ಮೂರು ಪಟ್ಟಿಗಳಲ್ಲಿ ಎಲ್ಲಿಯೂ ಪ್ರವಾಸೋದ್ಯಮ ಎಂಬ ಪ್ರತ್ಯೇಕ ನಮೂದಿಲ್ಲ. ದೇಶದೊಳಗಿನ ತೀರ್ಥಯಾತ್ರೆ, ವಸತಿಗೃಹ, ವಾಹನ ತೆರಿಗೆ ರಾಜ್ಯಗಳ ಪಾಲು. ರಾಷ್ಟ್ರೀಯ ಮಹತ್ವದ ಸ್ಮಾರಕ, ರೈಲು ಕೇಂದ್ರದ ಪಾಲು. 2002ರ ರಾಷ್ಟ್ರೀಯ ಪ್ರವಾಸೋದ್ಯಮ ನೀತಿ ದಾರಿ ತೋರಿಸಬಲ್ಲದು, ರಾಜ್ಯಗಳನ್ನು ಕಟ್ಟಿಹಾಕಲಾರದು.

ಇದರ ಬಿಸಿ ಏನೆಂದು ನಮ್ಮ ಊರಿನ ಟಿಟಿ (ಟೆಂಪೊ ಟ್ರಾವೆಲರ್) ಚಾಲಕರನ್ನು ಕೇಳಿ ನೋಡಿ. ಆರ್‌ಸಿ, ಎಫ್‌ಸಿ, ವಿಮೆ, ಪರ್ಮಿಟ್ಟು, ತೆರಿಗೆ ರಸೀದಿ ಎಂದು ಒಂದು ದಪ್ಪ ಫೈಲು ಸೀಟಿನ ಹಿಂದೆ ಇದ್ದೇ ಇರುತ್ತದೆ. ಮಾಲೆ ಹಾಕಿದವರನ್ನು ಶಬರಿಮಲೆಗೆ, ಅಮಾವಾಸ್ಯೆ ಮುಗಿಸಿದವರನ್ನು ಶ್ರೀಶೈಲಕ್ಕೆ ಕರೆದೊಯ್ಯುವವರು ಇವರೇ. ರಾಜ್ಯ ರಾಜ್ಯಕ್ಕೂ ಬೇರೆ ತೆರಿಗೆ ಕಟ್ಟುವ ಗೋಳು ತಪ್ಪಲೆಂದೇ 2021ರಲ್ಲಿ, ಮತ್ತೆ 2023ರಲ್ಲಿ ಕೇಂದ್ರ ಅಖಿಲ ಭಾರತ ಪ್ರವಾಸಿ ವಾಹನ ಪರ್ಮಿಟ್ ನಿಯಮ ತಂದಿತು: ಒಮ್ಮೆ ಹಣ ಕಟ್ಟಿ, ರಾಜ್ಯಗಳು ಹಂಚಿಕೊಳ್ಳುತ್ತವೆ ಎಂಬ ಲೆಕ್ಕ. ಆದರೂ ಕೆಲವು ರಾಜ್ಯಗಳು ನಮ್ಮ ತೆರಿಗೆ ಬೇರೆ ಎಂದವು. ಕೇರಳದ ತಕರಾರು ಹೈಕೋರ್ಟಿಗೂ ಹೋಯಿತು. ರಾಜ್ಯಗಳದ್ದೇ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ರಸ್ತೆ ಅವರದು, ನೂಕುನುಗ್ಗಲು ಅವರದು, ನಿಯಮ ಮಾತ್ರ ದೆಹಲಿಯದು ಎಂದರೆ ಯಾರು ಒಪ್ಪುತ್ತಾರೆ?

ಆದ್ದರಿಂದ ಸಮಾನ ನೀತಿ ಬೇಕು, ಆದರೆ ಅದನ್ನು ದೆಹಲಿ ಒಂದೇ ಬರೆಯಬಾರದು ಎಂಬುದು ನನ್ನ ವಾದ. ಯುರೋಪ್ ಒಕ್ಕೂಟವೂ ಇಲ್ಲಿ ಎಚ್ಚರದಿಂದಲೇ ನಡೆದಿದೆ: 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದ ಪ್ರವಾಸೋದ್ಯಮದಲ್ಲಿ ಸದಸ್ಯ ರಾಷ್ಟ್ರಗಳಿಗೆ ನೆರವಾಗಲು ಒಕ್ಕೂಟಕ್ಕೆ ಅಧಿಕಾರ ಕೊಟ್ಟಿತು, ಅವುಗಳ ಕಾನೂನನ್ನು ಒಂದೇ ಅಚ್ಚಿಗೆ ಹಾಕಲು ಕೊಡಲಿಲ್ಲ. ನಮ್ಮಲ್ಲೇ ಇನ್ನೂ ಒಳ್ಳೆಯ ಮಾದರಿಯಿದೆ. ಹೋಟೆಲ್ ಕೋಣೆಗೆ ಒಂದೊಂದು ರಾಜ್ಯ ಒಂದೊಂದು ಐಷಾರಾಮಿ ತೆರಿಗೆ ಹಾಕುತ್ತಿದ್ದ ಕಾಲ 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಮುಗಿಯಿತು. ಜಿಎಸ್‌ಟಿ ಮಂಡಳಿಯಲ್ಲಿ ಮೂರನೇ ಎರಡು ಪಾಲು ಮತ ರಾಜ್ಯಗಳದು. ಆ ಮಂಡಳಿಯ ಬಗ್ಗೆ ದೂರುಗಳಿರಬಹುದು, ಆದರೆ ರಾಜ್ಯಗಳನ್ನು ಕೂರಿಸಿ ಮಾತಾಡಿಸುವ ಜಾಗ ಅದು.

ಹರಿಹರಕ್ಕೆ ಇಂಥ ಸಮಾನ ನೀತಿಯಿಂದೇನು ಲಾಭ? ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಳಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ ಇಲ್ಲಿದೆ. ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಕಂಬಗಳು ಕಡಸಲು ಹಿಡಿದಂತೆ ನುಣುಪು. ಆದರೂ ಹೆದ್ದಾರಿಯ ಪ್ರವಾಸಿ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಮುಂದೆ ಹೋಗುತ್ತಾನೆ. ಒಂದು ಗುಡಿಗಾಗಿ ಯಾರೂ ಇಲ್ಲಿ ರಾತ್ರಿ ಉಳಿಯುವುದಿಲ್ಲ. ತುಂಗೆ–ಭದ್ರೆ ಸೇರುವ ಕೂಡ್ಲಿಯ ಸಂಗಮದಿಂದ ಹರಿಹರ, ಹಂಪಿ, ಮಂತ್ರಾಲಯ, ಆಲಂಪುರದ ತನಕ ಒಂದೇ ನದಿಯಾತ್ರೆಯಾದರೆ ಉಳಿದಾನು. ಅದಕ್ಕೆ ಮೂರು ರಾಜ್ಯಗಳಲ್ಲೂ ನಡೆಯುವ ಒಂದು ಪರ್ಮಿಟ್ಟು, ಒಂದು ಗೈಡ್ ಪರವಾನಗಿ, ಮಂತ್ರಾಲಯ–ಶ್ರೀಶೈಲಗಳಲ್ಲಿ ಕನ್ನಡದ ಫಲಕ, ನಮ್ಮಲ್ಲಿ ತೆಲುಗಿನ ಫಲಕ ಬೇಕು.

ಇದು ಆಗದ ಮಾತಲ್ಲ. ಇದೇ ನದಿಯ ಅಣೆಕಟ್ಟೆಗೆ 1953ರಿಂದ ತುಂಗಭದ್ರಾ ಮಂಡಳಿಯಿದೆ. ಇಂದು ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಅದರಲ್ಲಿ ಕೂರುತ್ತವೆ. ನೀರಿನಂಥ ಜಗಳದ ವಿಷಯಕ್ಕೇ ಕೂತವರು ಯಾತ್ರಿಕರ ವಿಷಯಕ್ಕೆ ಕೂರಲಾರರೇ? ಈ ಸಭೆಯಲ್ಲಿರುವ ಹೋಟೆಲ್ ಮಾಲೀಕರು, ಟ್ಯಾಕ್ಸಿಯವರು, ಅಧ್ಯಾಪಕರು ಒಂದು ಮನವಿಗೆ ಸಹಿ ಹಾಕಿ ನಮ್ಮ ಶಾಸಕರ ಕೈಗೆ ಕೊಡಿ: ಮೂರು ರಾಜ್ಯಗಳ ಪ್ರವಾಸೋದ್ಯಮ ಸಚಿವರ ಮೊದಲ ಸಭೆ ಹರಿಹರದಲ್ಲೇ ನಡೆಯಲಿ.