ಮಿಂಬರಿನ ಮಾತು, ದಫ್ತರದ ಬರಹ: ಬಿಜಾಪುರದ ಸುಲ್ತಾನರ ಸಂಯಮ ಮತ್ತು ಸುಧಾರಣೆ



ಯಾರ ಹೆಸರಿನಲ್ಲಿ ಈ ದತ್ತಿ ಇದೆಯೋ ಆ ಮೇಷ್ಟ್ರನ್ನು ನಾನು ನೋಡಿದವನಲ್ಲ. ಅವರ ಶಿಷ್ಯರ ಬಾಯಲ್ಲಿ ಒಂದು ಮಾತು ಕೇಳಿದ್ದೇನೆ. ತರಗತಿಯಲ್ಲಿ ಯಾವ ಹುಡುಗನಾದರೂ ‘ಎಂದು ಹೇಳಲಾಗಿದೆ’ ಎಂದು ಉತ್ತರ ಬರೆದರೆ, ಮೇಷ್ಟ್ರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಯಾರು? ಯಾವಾಗ?’ ಎಂದು ಬರೆದು ಕೊಡುತ್ತಿದ್ದರಂತೆ. ಇವತ್ತಿನ ಉಪನ್ಯಾಸದ ಬಹುಪಾಲು ಆ ಎರಡು ಪ್ರಶ್ನೆಗಳ ಸುತ್ತಲೇ ಇದೆ. ಇಂಥವರ ಹೆಸರಿನ ವೇದಿಕೆಯಲ್ಲಿ ನಿಲ್ಲಿಸಿದ್ದಕ್ಕೆ ನಾನು ಕೃತಜ್ಞ.

ಮುಸ್ಲಿಂ ಜಗತ್ತಿನಲ್ಲಿ ಅರಸನೊಬ್ಬ ಸಂಯಮಕ್ಕೆ, ಸುಧಾರಣೆಗೆ ಕರೆಕೊಟ್ಟ ಪ್ರಸಂಗ ಎಂದು ವಿಷಯ ತಿಳಿಸಿದಾಗ, ಬಿದನೂರು ನಗರದ ಕೋಟೆ ಹತ್ತಿರದಲ್ಲೇ ಇರುವುದರಿಂದ ನಾನು ಟಿಪ್ಪುವಿನ ಬಗ್ಗೆ ಮಾತಾಡುತ್ತೇನೆ ಎಂದು ಕೆಲವರು ಊಹಿಸಿದ್ದರು. ಅವನ ಪರ ಮತ್ತು ವಿರುದ್ಧ ಮಾತಾಡುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ನಾನು ಅದಕ್ಕಿಂತ ಹಿಂದಕ್ಕೆ, ಇಕ್ಕೇರಿಯ ಅರಸರು ಉತ್ತರ ದಿಕ್ಕಿಗೆ ಕಣ್ಣಿಟ್ಟು ಕೂರಬೇಕಾಗಿದ್ದ ಕಾಲದ ಬಿಜಾಪುರಕ್ಕೆ ಹೋಗುತ್ತೇನೆ.

ಆದಿಲಶಾಹಿಗಳ ವಂಶಾವಳಿ, ಬಹಮನಿ ರಾಜ್ಯ ಐದು ಹೋಳಾದದ್ದು, 1565ರ ಯುದ್ಧ, 1686ರಲ್ಲಿ ಔರಂಗಜೇಬನ ಕೈಗೆ ಬಿಜಾಪುರ ಬಿದ್ದದ್ದು ಎಲ್ಲ ಪಠ್ಯಪುಸ್ತಕದಲ್ಲಿವೆ. ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರದಿಂದ, ಎಂ.ಎಂ. ಕಲಬುರ್ಗಿಯವರ ಮುಂದಾಳತ್ವದಲ್ಲಿ, ಆದಿಲಶಾಹಿ ಕಾಲದ ಸಾಹಿತ್ಯ ಕನ್ನಡಕ್ಕೂ ಬಂದಿದೆ. ಅದನ್ನೆಲ್ಲ ಇಲ್ಲಿ ಒಪ್ಪಿಸುವುದಿಲ್ಲ. ನನಗೆ ಬೇಕಾದದ್ದು ಒಂದೇ ಎಳೆ: ಶುಕ್ರವಾರದ ಖುತ್ಬಾ.

ಜುಮ್ಮಾ ನಮಾಜಿನ ಹೊತ್ತಿಗೆ ಮಸೀದಿಯ ಪ್ರವಚನಪೀಠವಾದ ಮಿಂಬರಿನ ಮೇಲೆ ನಿಂತು ಓದುವ ಆ ಪ್ರವಚನದಲ್ಲಿ ಯಾರ ಹೆಸರು ಬರುತ್ತದೆ ಎಂಬುದರಿಂದ ರಾಜ್ಯ ಯಾರದು, ಪಂಥ ಯಾವುದು ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಹಿಜರಿ 908ರಲ್ಲಿ, ಅಂದರೆ 1502-03ರಲ್ಲಿ, ವಂಶದ ಮೂಲಪುರುಷ ಯೂಸುಫ್ ಆದಿಲ್ ಖಾನ್ ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ ಓದಿಸಿದ. ಇರಾನಿನಲ್ಲಿ ಶಾಹ ಇಸ್ಮಾಯಿಲ್ ಷಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿ ಆಗಿನ್ನೂ ಒಂದೆರಡು ವರ್ಷ. ಆದರೆ ಇರಾನಿನಲ್ಲಿ ಆದಂತೆ ಮೊದಲ ಮೂವರು ಖಲೀಫರನ್ನು ಬಹಿರಂಗವಾಗಿ ನಿಂದಿಸುವುದಕ್ಕೆ ಯೂಸುಫ್ ಅವಕಾಶ ಕೊಡಲಿಲ್ಲ. ಸುನ್ನಿ ಅಮೀರರು ತಮ್ಮ ತಮ್ಮ ಜಾಗೀರುಗಳಲ್ಲಿ ತಮ್ಮ ಕ್ರಮದಲ್ಲೇ ಬಾಂಗ್ ಕೂಗಿಸಬಹುದು, ಯಾರ ಮತ ಯಾರಿಗೋ ಅದು ಅವರಿಗೆ ಎಂದ. ಹೀಗೆಂದು ಬರೆದವನು ಇತಿಹಾಸಕಾರ ಫಿರಿಶ್ತಾ.

2004ರ ನವೆಂಬರಿನಲ್ಲಿ, ರಂಜಾನ್ ತಿಂಗಳಲ್ಲಿ, ಜೋರ್ಡನ್ನಿನ ದೊರೆ ಎರಡನೇ ಅಬ್ದುಲ್ಲಾ ಹೊರಡಿಸಿದ ‘ಅಮ್ಮಾನ್ ಸಂದೇಶ’ವನ್ನು ಓದಿದವರಿಗೆ ಯೂಸುಫನ ಈ ಮಾತು ಪರಿಚಿತ ಎನ್ನಿಸುತ್ತದೆ. ಮರುವರ್ಷ ಜುಲೈಯಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳ ಸುಮಾರು ಇನ್ನೂರು ವಿದ್ವಾಂಸರು ಅಮ್ಮಾನಿನಲ್ಲಿ ಸೇರಿ ಮೂರು ಮಾತು ಒಪ್ಪಿದರು. ಸುನ್ನಿಗಳ ನಾಲ್ಕು, ಷಿಯಾಗಳ ಎರಡು, ಜೊತೆಗೆ ಇಬಾದಿ ಮತ್ತು ಜಾಹಿರಿ, ಒಟ್ಟು ಎಂಟು ಧರ್ಮಶಾಸ್ತ್ರ ಪರಂಪರೆಗಳನ್ನು ಅನುಸರಿಸುವವರೆಲ್ಲ ಮುಸಲ್ಮಾನರೇ. ಅವರಲ್ಲಿ ಯಾರನ್ನೂ ಕಾಫಿರ ಎನ್ನುವಂತಿಲ್ಲ. ಅರ್ಹತೆ ಇಲ್ಲದವರು ಫತ್ವಾ ಕೊಡುವಂತಿಲ್ಲ. ಐದು ಶತಮಾನದ ಹಿಂದೆಯೇ ಕೃಷ್ಣಾ ತೀರದಲ್ಲಿ ಈ ಮಾತು ಆಡಿಯಾಗಿತ್ತು ಎಂದು ನಾವು ಎದೆಯುಬ್ಬಿಸಬಹುದು. ಬಹಳ ಜನ ಉಬ್ಬಿಸಿದ್ದಾರೆ ಕೂಡ.

ಇಲ್ಲಿ ಮೇಷ್ಟ್ರ ಕೆಂಪು ಶಾಯಿ ಬೇಕು. ಯಾರು? ಯಾವಾಗ?

ಫಿರಿಶ್ತಾ ಬಿಜಾಪುರಕ್ಕೆ ಬಂದದ್ದು 1589ರಲ್ಲಿ. ಅವನ ಇತಿಹಾಸಗ್ರಂಥದ ಮೊದಲ ರೂಪ ಮುಗಿದದ್ದು 1606ರಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ. ಅದಕ್ಕೆ ‘ಗುಲ್ಶನ್-ಎ-ಇಬ್ರಾಹಿಮಿ’ ಎಂಬ ಹೆಸರೂ ಇದೆ. ಯೂಸುಫನ ಘೋಷಣೆಗೂ ಅದನ್ನು ಬರೆದಿಟ್ಟ ಲೇಖನಿಗೂ ನಡುವೆ ನೂರು ವರ್ಷ. ಫಿರಿಶ್ತಾ ಸ್ವತಃ ಷಿಯಾ. ಅವನಿಗೆ ಅನ್ನ ಕೊಟ್ಟವನು, ಸುನ್ನಿ ಖುತ್ಬಾ ಮತ್ತೆ ಜಾರಿಗೆ ಬಂದಿದ್ದ ಆಸ್ಥಾನದ ದೊರೆ. ಹೊರಗಿನಿಂದ ಬಂದ ಷಿಯಾ ಲೇಖಕನೊಬ್ಬ ಸುನ್ನಿ ಆಸ್ಥಾನದಲ್ಲಿ ಕೂತು, ವಂಶದ ಮೂಲಪುರುಷನ ಬಾಯಿಂದ ‘ಅವರವರ ಮತ ಅವರವರಿಗೆ’ ಎಂದು ಹೇಳಿಸುತ್ತಾನೆ ಎಂದರೆ ಆ ಮಾತು ಯಾರ ಕಿವಿಗೆ ಬೀಳಲೆಂದು ಬರೆದದ್ದು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಇಬ್ರಾಹಿಮನ ಕಿವಿಗೆ. 1502ರ ಘೋಷಣೆ ಎಂದು ನಾವು ಓದುವುದರಲ್ಲಿ 1606ರ ವಿಜ್ಞಾಪನೆಯ ಪಾಲು ದೊಡ್ಡದಿದೆ. ಯೂಸುಫ್ ಏನನ್ನೂ ಸಡಿಲ ಬಿಡಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೀದರಿನ ಅಮೀರ್ ಬರೀದ, ಅಹಮದನಗರ, ಗೋಲ್ಕೊಂಡದವರು ಒಟ್ಟಾಗಿ ಮೇಲೆ ಬಿದ್ದಾಗ ಅವನು ಬೇರಾರಿಗೆ ಓಡಿ, ಅಲ್ಲಿನ ಇಮಾದ್-ಉಲ್-ಮುಲ್ಕನ ಸಲಹೆಯಂತೆ ಸುನ್ನಿ ಕ್ರಮವನ್ನೇ ತಾತ್ಕಾಲಿಕವಾಗಿ ಜಾರಿ ಮಾಡಿ, ಅಪಾಯ ಕಳೆದ ಮೇಲೆ ಹಳೆಯದಕ್ಕೆ ಮರಳಿದ. ಬಗ್ಗಬೇಕಾದಾಗ ಬಗ್ಗುವುದು ಗೊತ್ತಿದ್ದ ಮನುಷ್ಯ. ಆದರೆ ಅವನನ್ನು ಸಹಿಷ್ಣುತೆಯ ದಾರ್ಶನಿಕನಾಗಿ ಮಾಡಿದ್ದು ಫಿರಿಶ್ತಾ.

‘ಫಿರಿಶ್ತಾನನ್ನು ಇಷ್ಟು ಶಂಕಿಸಿದರೆ ದಖ್ಖನ್ನಿನ ಇತಿಹಾಸವೇ ಉಳಿಯುವುದಿಲ್ಲ’ ಎಂದು ಈ ವಾದವನ್ನು ಬೇರೆಡೆ ಮುಂದಿಟ್ಟಾಗ ಹಿರಿಯ ವಿದ್ವಾಂಸರೊಬ್ಬರು ಗದರಿದರು. ಶಂಕೆ ಘಟನೆಗಳ ಬಗ್ಗೆ ಅಲ್ಲ, ಭಾಷಣಗಳ ಬಗ್ಗೆ. ಯಾವ ದಂಡು ಎಲ್ಲಿಗೆ ಹೋಯಿತು ಎಂಬುದಕ್ಕೆ ಬೇರೆ ಸಾಕ್ಷಿ ಸಿಗುತ್ತದೆ. ಅರಸ ಆಡಿದ ಮಾತಿಗೆ ನೂರು ವರ್ಷದ ನಂತರದ ಸಾಕ್ಷಿ ಒಬ್ಬನೇ ಇದ್ದರೆ, ಅವನು ಯಾರ ಊಟ ಉಣ್ಣುತ್ತಿದ್ದ ಎಂದು ಕೇಳುವುದು ಅಪಚಾರವಲ್ಲ.

ಖುತ್ಬಾದ ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1510ರಲ್ಲಿ ಯೂಸುಫ್ ತೀರಿಕೊಂಡ ಕೂಡಲೇ, ಬಾಲಕ ಇಸ್ಮಾಯಿಲನ ಪರವಾಗಿ ಆಡಳಿತ ಹಿಡಿದ ಕಮಾಲ್ ಖಾನ್ ಸುನ್ನಿ ಕ್ರಮ ತಂದ. ಅವನು ಕೊಲೆಯಾದ ಮೇಲೆ ಷಿಯಾ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಇಬ್ರಾಹಿಂ ಸುನ್ನಿ. 1558ರಲ್ಲಿ ಮೊದಲನೇ ಆಲಿ ಷಿಯಾ. 1580ರಲ್ಲಿ ಒಂಬತ್ತು ವರ್ಷದ ಎರಡನೇ ಇಬ್ರಾಹಿಂ ಗದ್ದುಗೆ ಏರಿ, ಕೆಲವೇ ವರ್ಷದಲ್ಲಿ ಹಬಶಿ ಮಂತ್ರಿ ದಿಲಾವರ್ ಖಾನನ ಕೈಗೆ ಅಧಿಕಾರ ಹೋದಾಗ ಮತ್ತೆ ಸುನ್ನಿ. ಒಬ್ಬ ಸಾರಿದ್ದನ್ನು ಇನ್ನೊಬ್ಬ ಅಳಿಸಿದ. ಪ್ರತಿ ಸಲವೂ ಅದರ ಹಿಂದೆ ಇರಾನ್ ಕಡೆಯಿಂದ ಬಂದ ‘ಪರದೇಶಿ’ ಸರದಾರರು ಮತ್ತು ಇಲ್ಲೇ ಬೇರೂರಿದ ‘ದಖ್ಖನಿ’ಗಳ ಜಗಳ ಇತ್ತು.

ಆದರೆ ಮೊದಲನೇ ಇಬ್ರಾಹಿಂ ಖುತ್ಬಾ ಬದಲಿಸಿದ್ದಷ್ಟೇ ಅಲ್ಲ, ಇನ್ನೊಂದು ಕೆಲಸವನ್ನೂ ಮಾಡಿದ. ಕಂದಾಯದ ಲೆಕ್ಕವನ್ನು ಫಾರಸಿಯಿಂದ ಬಿಡಿಸಿ ದೇಶಭಾಷೆಗೆ ಹಾಕಿದ, ಲೆಕ್ಕ ಬರೆಯುವ ಕೆಲಸಕ್ಕೆ ಬ್ರಾಹ್ಮಣರನ್ನು ಕೂರಿಸಿದ. ಆಲಿ ಬಂದು ಪರದೇಶಿಗಳನ್ನು ವಾಪಸ್ ಕರೆಸಿಕೊಂಡ, ಆಸ್ಥಾನದಲ್ಲಿ ಫಾರಸಿ ಮತ್ತೆ ಮೆರೆಯಿತು. ಪರಗಣೆಯ ಲೆಕ್ಕದ ಕಟ್ಟು ಮಾತ್ರ ಹಿಂದಕ್ಕೆ ಹೋಗಲಿಲ್ಲ. ಆದಿಲಶಾಹಿ ಫರ್ಮಾನುಗಳಲ್ಲಿ ಫಾರಸಿಯ ಜೊತೆಗೇ ಮರಾಠಿ ಒಕ್ಕಣೆ ಇರುವುದನ್ನು ನೋಡಬಹುದು. ದೇಸಾಯಿ, ಕುಲಕರ್ಣಿಗಳ ಮನೆತನಗಳು ಸುಲ್ತಾನರ ವಂಶವೇ ಮುಗಿದ ಮೇಲೂ ಉಳಿದವು. ಮಿಂಬರಿನ ಮೇಲೆ ಆಡಿದ ಮಾತು ಅರಸನ ಆಯುಸ್ಸಿನಷ್ಟೇ ಬದುಕಿತು, ದಫ್ತರದಲ್ಲಿ ಬರೆದದ್ದು ಬಾಳಿತು. ಇವತ್ತು ನಾನು ಹೇಳಲು ಬಂದದ್ದು ಇದನ್ನೇ.

ಇನ್ನು ಎರಡನೇ ಇಬ್ರಾಹಿಂ. ‘ಜಗದ್ಗುರು ಬಾದಶಹ’ ಎಂದು ಕರ್ನಾಟಕಕ್ಕೆಲ್ಲ ಗೊತ್ತಿರುವವನು. ಅವನ ‘ಕಿತಾಬ್-ಎ-ನವರಸ್’ ದಖ್ಖನಿ ಭಾಷೆಯಲ್ಲಿದೆ. 59 ಹಾಡು, 17 ದೋಹೆ. ಹಾಡುಗಳಿಗೆ ರಾಗದ ಹೆಸರುಂಟು. ಸರಸ್ವತಿ, ಗಣಪತಿಯರ ಸ್ತುತಿ ಇದೆ, ಪ್ರವಾದಿಯ ಸ್ತುತಿ ಇದೆ, ಕಲಬುರ್ಗಿಯ ಬಂದೇನವಾಜರ ಸ್ತುತಿ ಇದೆ, ಮೋತಿಖಾನ್ ಎಂಬ ಅವನ ತಂಬೂರಿಯೂ ಆತಶ್ ಖಾನ್ ಎಂಬ ಆನೆಯೂ ಬರುತ್ತವೆ. 1603-04ರಲ್ಲಿ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್, ಈ ದೊರೆಗೆ ಫಾರಸಿಗಿಂತ ಮರಾಠಿಯೇ ಸಲೀಸು ಎಂದು ಗಮನಿಸಿದ.

ಇವನ ಬಗ್ಗೆ ಎರಡು ಅಭಿಪ್ರಾಯ ಚಾಲ್ತಿಯಲ್ಲಿವೆ. ಎರಡೂ ಸಾಲವು. ಇವನು ಇಸ್ಲಾಮನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದ ಎಂಬುದು ಒಂದು. ಹೊಗಳುವವರೂ ತೆಗಳುವವರೂ ಇದನ್ನೇ ಹೇಳುತ್ತಾರೆ ಎಂಬುದು ಮೋಜಿನ ವಿಷಯ. ಹಾಗೆನ್ನುವವರು ಅವನ ಗೋರಿಯಾದ ಇಬ್ರಾಹಿಂ ರೋಜಾದ ಗೋಡೆಯ ಮೇಲಿನ ಕುರಾನ್ ಬರಹವನ್ನು ನೋಡಿ ಬರಬೇಕು. ಸರಸ್ವತಿಯನ್ನು ಹಾಡಿದ್ದೂ ಅವನೇ, ಅಂಥ ಗೋರಿಯೊಳಗೆ ಮಲಗಿದ್ದೂ ಅವನೇ. ಇವೆರಡರ ನಡುವೆ ಅವನಿಗೆ ಇಕ್ಕಟ್ಟು ಕಾಣಲಿಲ್ಲ, ಇಕ್ಕಟ್ಟು ನಮ್ಮದು. ಎರಡನೆಯದು, ಇದೆಲ್ಲ ಬಣಗಳನ್ನು ಸರಿತೂಗಿಸುವ ಲೆಕ್ಕಾಚಾರ ಎಂಬ ವಾದ. ಖುತ್ಬಾದ ಮಟ್ಟಿಗೆ ನಾನೂ ಹಾಗೇ ಹೇಳಿದೆ. ಆದರೆ ಪರದೇಶಿ-ದಖ್ಖನಿ ಜಗಳ ನಿಭಾಯಿಸಲು ಯಾರೂ ರಾಗ ಹಾಕಿ ಹಾಡು ಕಟ್ಟುವುದಿಲ್ಲ. 1599ರಲ್ಲಿ ನವರಸಪುರವೆಂಬ ಹೊಸ ಊರನ್ನೇ ಕಟ್ಟಲು ಹೊರಟದ್ದು (ಅದನ್ನು 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ಹಾಳುಗೆಡವಿದ) ಬರೀ ಲೆಕ್ಕಾಚಾರದವನ ಕೆಲಸವಲ್ಲ.

ಈಗ ಸುಧಾರಣೆಗೆ ಬರುತ್ತೇನೆ. ಸಂಯಮ, ಸುಧಾರಣೆ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಬಿಜಾಪುರದಲ್ಲಿ ಇವೆರಡೂ ಎದುರುಬದುರು ನಿಂತವು.

ಇಬ್ರಾಹಿಮನ ಕಾಲದಲ್ಲಿ ಗುಜರಾತಿನ ಭರೂಚಿನಿಂದ ಶಾಹ ಸಿಬ್ಗತುಲ್ಲಾ ಎಂಬ ಸೂಫಿ ಬಂದರು. ಅಹಮದಾಬಾದಿನ ವಜೀಹುದ್ದೀನ್ ಅಲವಿಯವರ ಶಿಷ್ಯರು, ಶತ್ತಾರಿ ಪಂಥದವರು. ನಗರ ಶರೀಯತ್ತಿನಂತೆ ನಡೆಯಬೇಕು, ಷಿಯಾಗಳಿಗೆ ಮನ್ನಣೆ ಸಲ್ಲದು ಎಂಬುದು ಅವರ ಪಟ್ಟು. ಆ ಕಾಲದ ಬಿಜಾಪುರದಲ್ಲಿ ಸುಧಾರಣೆ ಬೇಕೆಂದು ಕೇಳಿದವರು ಇವರೇ. ದೊರೆ ಅವರನ್ನು ದಂಡಿಸಲಿಲ್ಲ, ವಾದಕ್ಕೂ ಕೂರಲಿಲ್ಲ. ಮರ್ಯಾದೆಯಿಂದ ಅರೇಬಿಯಾಕ್ಕೆ ಕಳಿಸಿಕೊಟ್ಟ. ಅವರು ಮದೀನಾದಲ್ಲಿ ನೆಲೆಸಿ 1606ರಲ್ಲಿ, ಫಿರಿಶ್ತಾ ತನ್ನ ಗ್ರಂಥ ಮುಗಿಸಿದ ವರ್ಷವೇ, ತೀರಿಕೊಂಡರು. ಬಿಜಾಪುರ ಬೇಡವೆಂದದ್ದು ಅಲ್ಲಿ ಬೇರುಬಿಟ್ಟಿತು. ಅವರ ಶಿಷ್ಯ ಶಿನ್ನಾವಿ, ಅವರ ಶಿಷ್ಯ ಕುಶಾಶಿ, ಅಲ್ಲಿಂದ ಸುಮಾತ್ರಾ ದ್ವೀಪದ ಅಬ್ದುರ್ರವೂಫ್ ಸಿಂಗ್ಕೇಲಿಯವರೆಗೆ ಶತ್ತಾರಿ ಪರಂಪರೆ ಹಬ್ಬಿತು.

ಸೂಫಿ ಎಂದರೆ ಹಾಡು, ಉರುಸು, ಎಲ್ಲರನ್ನೂ ಅಪ್ಪಿಕೊಳ್ಳುವವರು ಎಂದು ನಮ್ಮ ಸಾಹಿತ್ಯಸಭೆಗಳಲ್ಲಿ ಮಾತಾಡುವವರಿಗೆ ಸಿಬ್ಗತುಲ್ಲಾ ಒಂದು ತೊಡಕು. ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪುಸ್ತಕ ಬರೆದ ರಿಚರ್ಡ್ ಈಟನ್, ಅವರಲ್ಲಿ ಸುಧಾರಕರು, ಕವಿಗಳು, ಜಮೀನುದಾರರು, ಮಸ್ತ ಫಕೀರರು ಬೇರೆ ಬೇರೆ ಬಗೆಯವರೆಂದು ವಿಂಗಡಿಸಿ ತೋರಿಸಿದರು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ನಮ್ಮ ಕಣ್ಣನ್ನು ಹಳ್ಳಿಯ ದರ್ಗಾಗಳ ಕಡೆಗೆ ತಿರುಗಿಸಿತು. ಇಬ್ಬರನ್ನೂ ಓದಿ, ಕೊನೆಗೆ ಹಿತವಾದ ಅರ್ಧವನ್ನಷ್ಟೇ ನೆನಪಿಟ್ಟುಕೊಂಡವರ ಜೊತೆ ಮಾತ್ರ ನನ್ನ ತಕರಾರು.

ಈಟನ್ ಅವರ ವಿಂಗಡಣೆಗೂ ನನ್ನದೊಂದು ಸೇರ್ಪಡೆ ಇದೆ. ಅವರು ಸೂಫಿಗಳನ್ನು ಬಗೆಬಗೆಯಾಗಿ ಬೇರ್ಪಡಿಸಿದರು. ಅರಸನ ಕಡೆಯಲ್ಲೂ ಆ ಕೆಲಸ ಆಗಬೇಕು. ಖುತ್ಬಾ ಓದಿಸುವ ಇಬ್ರಾಹಿಂ, ಹಾಡು ಕಟ್ಟುವ ಇಬ್ರಾಹಿಂ, ದಂಡು ಕಳಿಸುವ ಇಬ್ರಾಹಿಂ ಒಂದೇ ನಾಣ್ಯದಲ್ಲಿ ಚಲಾವಣೆಯಾಗುವುದಿಲ್ಲ. ತನ್ನನ್ನು ಸಾಕಿದ ದಿಲಾವರ್ ಖಾನ್ ಓಡಿಹೋಗಿ, ನಂಬಿ ಮರಳಿದಾಗ ಅವನ ಕಣ್ಣು ಕೀಳಿಸಿದವನೂ ಇವನೇ. ಇಕ್ಕೇರಿಯ ಹಿರಿಯ ವೆಂಕಟಪ್ಪನಾಯಕ ಇವನ ಸಮಕಾಲೀನ. ವೀರಶೈವನಾದರೂ ಶೃಂಗೇರಿಗೆ ನಡೆದುಕೊಂಡವನು, ಮುಸಲ್ಮಾನರಿಗೆ ಮಸೀದಿ ಕಟ್ಟಿಸಿಕೊಟ್ಟವನು. ಎರಡೂ ಕಡೆ ಇಂಥ ದೊರೆಗಳಿದ್ದರೂ ಗಡಿಯ ಕಾಳಗ ನಿಲ್ಲಲಿಲ್ಲ. ಇಬ್ರಾಹಿಮನ ಮಗ ಮಹಮ್ಮದನ ಕಾಲದಲ್ಲಿ, 1637ರ ಕೊನೆಗೆ, ಬಿಜಾಪುರದ ಸೇನಾನಿ ರಣದುಲ್ಲಾಖಾನ್ ಇಕ್ಕೇರಿಗೇ ನುಗ್ಗಿದ. ಆಮೇಲೆ ರಾಜಧಾನಿ ಬಿದನೂರಿಗೆ ಹೋಯಿತು. ಮತದ ವಿಷಯದಲ್ಲಿ ಸಂಯಮಿಯಾದ ಅರಸ ನೆಲದ ವಿಷಯದಲ್ಲೂ ಹಾಗೇ ಇರುತ್ತಾನೆಂದು ಮಲೆನಾಡಿನವರು ನಂಬಬೇಕಾಗಿಲ್ಲ.

ನಮ್ಮ ಕಾಲದ ಒಂದು ಉದಾಹರಣೆಗೆ ಮಿಂಬರು-ದಫ್ತರದ ಈ ಅಳತೆಗೋಲು ಹಿಡಿದು ನೋಡುತ್ತೇನೆ. ಪಾಕಿಸ್ತಾನದ ಪರ್ವೇಜ್ ಮುಷರಫ್ 2002ರ ಜನವರಿ 12ರಂದು ದೂರದರ್ಶನದಲ್ಲಿ ಉಗ್ರವಾದದ ವಿರುದ್ಧ ದೊಡ್ಡ ಭಾಷಣ ಮಾಡಿದರು. ಮರುವರ್ಷ ಮಲೇಷ್ಯಾದ ಪುತ್ರಜಯದಲ್ಲಿ ಮುಸ್ಲಿಂ ರಾಷ್ಟ್ರಗಳ ಸಭೆಯ ಮುಂದೆ ‘ಪ್ರಬುದ್ಧ ಸಂಯಮ’ದ ಸೂತ್ರ ಮಂಡಿಸಿದರು. 2008ರಲ್ಲಿ ಅವರು ಅಧಿಕಾರ ಬಿಟ್ಟ ಮೇಲೆ ಆ ಘೋಷಣೆಯನ್ನು ಅವರ ದೇಶದಲ್ಲೇ ಯಾರೂ ಎತ್ತಿಕೊಳ್ಳಲಿಲ್ಲ. ಉಳಿದದ್ದು 2006ರ ಮಹಿಳಾ ರಕ್ಷಣಾ ಕಾಯಿದೆಯ ಒಂದು ತಿದ್ದುಪಡಿ: ಅತ್ಯಾಚಾರದ ಅಪರಾಧವನ್ನು 1979ರ ಹುದೂದ್ ಸುಗ್ರೀವಾಜ್ಞೆಯಿಂದ ಬಿಡಿಸಿ ಸಾಮಾನ್ಯ ದಂಡಸಂಹಿತೆಗೆ ತಂದದ್ದು. ಅಲ್ಲೂ ಭಾಷಣ ಹೋಯಿತು, ದಫ್ತರ ಉಳಿಯಿತು. ಅಮ್ಮಾನಿನ ಮೂರು ಮಾತುಗಳಲ್ಲೂ ಫತ್ವಾ ಕೊಡುವವರ ಅರ್ಹತೆಯ ಮಾತೇ ಹೆಚ್ಚು ಬಾಳುತ್ತದೆ ಎಂದು ನನ್ನ ಎಣಿಕೆ. ಅದು ನೇಮಕ, ತರಬೇತಿ, ಕಚೇರಿಗೆ ಸಂಬಂಧಿಸಿದ್ದು.

ಮೇಷ್ಟ್ರ ಹೆಸರಿನ ಈ ದತ್ತಿಯನ್ನು ನಡೆಸುವವರಲ್ಲಿ ಒಂದು ಕೋರಿಕೆ ಇಟ್ಟು ಮುಗಿಸುತ್ತೇನೆ. ಇಲ್ಲಿಗೆ ಕೂಗಳತೆಯಲ್ಲಿರುವ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿ, ಕಡತಗಳ ದೊಡ್ಡ ಸಂಗ್ರಹವಿದೆ. ಮರಾಠಿಯ ಮೋಡಿ ಲಿಪಿ ಓದಬಲ್ಲವರಿಗೆ ಫಾರಸಿ ಬರುವುದಿಲ್ಲ, ಫಾರಸಿ ಬಲ್ಲವರು ಇತ್ತ ಬರುವುದಿಲ್ಲ. ಹಾಗಾಗಿ ಬಿಜಾಪುರ ಮತ್ತು ಇಕ್ಕೇರಿಯ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದುವ ಕೆಲಸ ನಿಂತಲ್ಲೇ ನಿಂತಿದೆ. ಮುಂದಿನ ವರ್ಷ ಉಪನ್ಯಾಸಕರಿಗೆ ಹಾರ, ಶಾಲು ಬೇಡ. ಆ ಹಣದಲ್ಲಿ ಸಾಗರದ ಯಾವುದಾದರೂ ಕಾಲೇಜಿನ ಒಬ್ಬ ವಿದ್ಯಾರ್ಥಿಗೆ ಎರಡೂ ಲಿಪಿ ಕಲಿಸುವ ವ್ಯವಸ್ಥೆ ಮಾಡಿ.